ಧನಿಯನ ಮೂರು ಕುಟಿಗಳು

ಮಲೆನಾಡಿನ ಘಟ್ಟಗಳಲ್ಲಿ, ಕೊಡಗಿನ ತೋಟಗಳ ಅಂಚಿನಲ್ಲಿ, ಕಾಳಿಯ ದಂಡೆಯಲ್ಲಿ, ಕಬಿನಿಯ ಹಿನ್ನೀರಿನ ಬಳಿ ಈಗ ಧ್ಯಾನಕ್ಕೆಂದು, ಮನಸ್ಸು ದೇಹಗಳ ಆರೈಕೆಗೆಂದು ಕಾಟೇಜುಗಳು ಏಳುತ್ತಿವೆ. ಅವುಗಳ ಪ್ರಚಾರದ ಬರಹಗಳನ್ನು ನಾನು ಕೆಲವು ಕಾಲದಿಂದ ಕೂಡಿಟ್ಟುಕೊಂಡು ಓದುತ್ತಿದ್ದೇನೆ. ಸಾಹಿತ್ಯದ ವಿದ್ಯಾರ್ಥಿಗೆ ಅವು ಒಂದು ಪ್ರಕಾರವಾಗಿಯೇ ಕಾಣುತ್ತವೆ. ಎಲ್ಲ ಪ್ರಕಾರಗಳಿಗೂ ಇರುವಂತೆ ಇದಕ್ಕೂ ಒಂದು ವ್ಯಾಕರಣವಿದೆ. ಇಲ್ಲಿನ ಕ್ರಿಯಾಪದಗಳಿಗೆ ಕರ್ತೃವಿರುವುದಿಲ್ಲ. ಕುಟೀರ ತಾನಾಗಿ ಮೂಡಿಬರುತ್ತದೆ, ಮಣ್ಣಿನ ಗೋಡೆ ತಾನಾಗಿ ಏಳುತ್ತದೆ, ಬಿಸಿನೀರು ಯಾವಾಗಲೂ ಲಭ್ಯವಿರುತ್ತದೆ. ಕಾಡಿನಲ್ಲಿ ಹಕ್ಕಿಗಳಿವೆ, ಮಂಜಿದೆ, ತೊರೆಯಿದೆ, ಊರಿನವರಿಲ್ಲ. ಅಂಕಿಗಳು ಎರಡೇ: ಬೆಂಗಳೂರಿನಿಂದ ಎಷ್ಟು ಗಂಟೆಯ ದಾರಿ, ಒಂದು ರಾತ್ರಿಗೆ ಎಷ್ಟು ರೂಪಾಯಿ.

ಈ ಬರಹಗಳ ಬೀಜಪದ 'ಸುಸ್ಥಿರ'. ಅದರ ಅರ್ಥವನ್ನು ಹುಡುಕುತ್ತ ಹೋದರೆ ಸಿಗುವುದು ಸಾಮಗ್ರಿಗಳ ಪಟ್ಟಿ. ಬಿದಿರು, ಕೆಮ್ಮಣ್ಣು, ಜಂಬಿಟ್ಟಿಗೆ, ಹಳೆ ಮನೆಯ ಮರ, ಸೂರ್ಯಶಕ್ತಿಯ ದೀಪ. ಕಾಂಕ್ರೀಟಿನ ಬದಲು ಮಣ್ಣು ಬಂದರೆ ಕಾಡಿಗೆ ಒಳಿತಾಯಿತು ಎಂಬುದು ಇಲ್ಲಿನ ತರ್ಕ. ಈ ತರ್ಕವನ್ನು ಪರೀಕ್ಷಿಸಲು ನಾನು ವಾಸ್ತುಶಿಲ್ಪದ ಪಠ್ಯಗಳಿಗಿಂತ ಮೊದಲು ಹಳೆಯ ಗುಡಿಸಲುಗಳ ಕಡೆಗೆ ಹೋಗುತ್ತೇನೆ. ಕಾಡಿನಲ್ಲಿ ಪುಟ್ಟ ಮನೆ ಕಟ್ಟಿ ಮನಸ್ಸನ್ನು ನಿಲ್ಲಿಸಿಕೊಳ್ಳುವ ಆಸೆ ಇಂದಿನದಲ್ಲ. ಆ ಆಸೆಯ ಬಗ್ಗೆ ಬರೆದವರು ಅದರ ವಿನ್ಯಾಸದ ಬಗ್ಗೆಯೂ ಬರೆದಿದ್ದಾರೆ, ಮತ್ತು ನಮ್ಮ ಪ್ರಚಾರಪತ್ರಗಳಿಗಿಂತ ಹೆಚ್ಚು ಪ್ರಾಮಾಣಿಕವಾಗಿ ಬರೆದಿದ್ದಾರೆ.

ಮೊದಲ ಪಠ್ಯ ಪಾಳಿ ಭಾಷೆಯ ವಿನಯಪಿಟಕ. ಭಿಕ್ಷುಗಳ ನಡವಳಿಕೆಯ ನಿಯಮಗಳನ್ನು ಹೇಳುವ ಈ ಗ್ರಂಥ ಪ್ರತಿ ನಿಯಮಕ್ಕೂ ಮುನ್ನ ಒಂದು ಕಥೆ ಹೇಳುತ್ತದೆ. ಕಳವಿನ ನಿಯಮಕ್ಕೆ ಕಾರಣವಾದದ್ದು ಒಂದು ಕುಟಿಯ ಕಥೆ. ಧನಿಯ ಎಂಬ ಭಿಕ್ಷು, ಕುಂಬಾರನ ಮಗ, ರಾಜಗೃಹದ ಬಳಿಯ ಇಸಿಗಿಲಿ ಬೆಟ್ಟದ ಮಗ್ಗುಲಲ್ಲಿ ಮಳೆಗಾಲಕ್ಕೆಂದು ಹುಲ್ಲಿನ ಕುಟಿ ಕಟ್ಟಿಕೊಳ್ಳುತ್ತಾನೆ. ಅವನ ಜೊತೆಯವರೂ ಕಟ್ಟಿಕೊಳ್ಳುತ್ತಾರೆ. ಮೂರು ತಿಂಗಳ ಮಳೆಗಾಲ ಮುಗಿದ ಮೇಲೆ ಉಳಿದವರು ತಮ್ಮ ಕುಟಿಗಳನ್ನು ಬಿಚ್ಚಿ, ಹುಲ್ಲನ್ನೂ ಕಟ್ಟಿಗೆಯನ್ನೂ ಎತ್ತಿಟ್ಟು ಸಂಚಾರಕ್ಕೆ ಹೊರಡುತ್ತಾರೆ. ಧನಿಯ ಮಾತ್ರ ಅಲ್ಲಿಯೇ ಉಳಿಯುತ್ತಾನೆ. ಅವನು ಭಿಕ್ಷೆಗೆ ಹೋದಾಗ ಹುಲ್ಲು ಹೊರುವವರು, ಸೌದೆ ಆಯುವವರು ಬಂದು ಕುಟಿಯನ್ನು ಬಿಚ್ಚಿ ಒಯ್ಯುತ್ತಾರೆ. ಮತ್ತೆ ಕಟ್ಟುತ್ತಾನೆ, ಮತ್ತೆ ಒಯ್ಯುತ್ತಾರೆ. ಮೂರು ಸಲ ಹೀಗಾಗುತ್ತದೆ. ಆಗ ಧನಿಯನಿಗೆ ತನ್ನ ಕುಲದ ಕಸುಬು ನೆನಪಾಗುತ್ತದೆ. ಕೆಸರು ತುಳಿದು, ಪೂರ್ತಿ ಮಣ್ಣಿನ ಕುಟಿ ಕಟ್ಟಿ, ಹುಲ್ಲು ಸೌದೆ ಬೆರಣಿ ಒಟ್ಟಿ ಇಡೀ ಕುಟಿಯನ್ನೇ ಮಡಕೆಯಂತೆ ಸುಡುತ್ತಾನೆ. ಅದು ಇಂದ್ರಗೋಪದ ಹುಳುವಿನಂತೆ ಕೆಂಪಗೆ ಹೊಳೆಯುತ್ತಿತ್ತು, ಬಡಿದರೆ ಗೆಜ್ಜೆಯಂತೆ ನಾದ ಬರುತ್ತಿತ್ತು ಎಂದು ಪಠ್ಯ ಹೇಳುತ್ತದೆ. ನಿಯಮಗ್ರಂಥವೊಂದು ತಾನು ಖಂಡಿಸಲಿರುವ ವಸ್ತುವಿನ ಚೆಲುವನ್ನು ಇಷ್ಟು ಮನಸಾರೆ ಬಣ್ಣಿಸುವುದನ್ನು ಗಮನಿಸಬೇಕು.

ಬುದ್ಧ ಬೆಟ್ಟದಿಂದ ಇಳಿಯುವಾಗ ಅದನ್ನು ನೋಡುತ್ತಾನೆ. ಇದನ್ನು ಸುಡುವಾಗ ಸತ್ತ ಜೀವಗಳ ಬಗ್ಗೆ ಇವನಿಗೆ ಕರುಣೆ ಇರಲಿಲ್ಲವೇ ಎಂದು ಕೇಳಿ, ಪೂರ್ತಿ ಮಣ್ಣಿನ ಕುಟಿಯನ್ನು ಯಾರೂ ಕಟ್ಟಬಾರದೆಂದು ವಿಧಿಸಿ, ಅದನ್ನು ಒಡೆಸುತ್ತಾನೆ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮಣ್ಣು ಬೇಡವೆಂದಾದಾಗ ಧನಿಯ ಮರಕ್ಕೆ ಕೈಹಾಕುತ್ತಾನೆ. ನಗರದ ದುರಸ್ತಿಗೆಂದು, ಆಪತ್ಕಾಲಕ್ಕೆಂದು ಇಟ್ಟ ರಾಜನ ಮರವನ್ನು, ರಾಜನೇ ಕೊಟ್ಟಿದ್ದಾನೆಂದು ಕಾವಲಿನವನಿಗೆ ಹೇಳಿ ಸಾಗಿಸುತ್ತಾನೆ. ಸಿಕ್ಕಿಬೀಳುವವನು ಕಾವಲಿನವನು. ಧನಿಯ ಬಿಂಬಿಸಾರನ ಮುಂದೆ ನಿಂತು, ಪಟ್ಟಾಭಿಷೇಕದ ದಿನ ಹುಲ್ಲು, ಕಟ್ಟಿಗೆ, ನೀರನ್ನು ಶ್ರಮಣರಿಗೂ ಬ್ರಾಹ್ಮಣರಿಗೂ ಕೊಟ್ಟಿದ್ದೇನೆಂದು ನೀನೇ ಹೇಳಿದ್ದೆಯಲ್ಲ ಎನ್ನುತ್ತಾನೆ. ನಾನು ಹೇಳಿದ್ದು ಕಾಡಿನಲ್ಲಿ ಯಾರಿಗೂ ಸೇರದೆ ಬಿದ್ದಿರುವುದರ ಬಗ್ಗೆ ಎಂದು ರಾಜ ಉತ್ತರಿಸುತ್ತಾನೆ.

ಈ ಕಥೆಯಲ್ಲಿ ಸಾಮಗ್ರಿ ಎರಡು ಸಲ ಬದಲಾಗುತ್ತದೆ: ಹುಲ್ಲು, ಮಣ್ಣು, ಮರ. ಮೂರೂ ನೈಸರ್ಗಿಕ, ಮೂರೂ ಸ್ಥಳೀಯ. ಇಂದಿನ ಯಾವ ಪರಿಸರಸ್ನೇಹಿ ಪ್ರಮಾಣಪತ್ರಕ್ಕೂ ಇವು ಅರ್ಹ. ಬದಲಾಗದೆ ಉಳಿಯುವುದು ಧನಿಯನ ಬೇಡಿಕೆ: ಯಾರೂ ಬಿಚ್ಚಲಾಗದ, ಎಲ್ಲ ಋತುಗಳಲ್ಲೂ ತನ್ನದಾಗಿಯೇ ಇರುವ ಕುಟಿ ಬೇಕು. ಜೊತೆಯವರ ಕುಟಿ ಮತ್ತು ಅವನ ಕುಟಿ ಒಂದೇ ಹುಲ್ಲಿನವು. ಅವರು ಬಿಚ್ಚಿಟ್ಟು ಹೋದರು, ಇವನು ಉಳಿಸಿಕೊಳ್ಳಲು ಹೋದ. ಪಠ್ಯ ಮಾಡುವ ವಿಮರ್ಶೆ ಅಲ್ಲಿದೆ. ಇನ್ನೊಂದು ಸಂಗತಿ ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ. ಧ್ಯಾನಕ್ಕೆ ಕಾಡಿಗೆ ಬಂದವನ ಮೊದಲ ಜಗಳ ಹುಲಿಯೊಡನೆ ಆಗಲಿಲ್ಲ, ಮಾರನೊಡನೆ ಆಗಲಿಲ್ಲ. ಆ ಕಾಡಿನಿಂದಲೇ ಹೊಟ್ಟೆ ಹೊರೆಯುವ ಹುಲ್ಲುಹೊರೆಯವರೊಡನೆ ಆಯಿತು. ರಾಜನ ಉತ್ತರದಲ್ಲೂ ಅದೇ ಮುಳ್ಳಿದೆ: ಕಾಡಿನಲ್ಲಿ ಯಾರಿಗೂ ಸೇರದ್ದು ಯಾವುದು?

ವಿನಯದಲ್ಲಿ ಕುಟಿಯ ಅಳತೆಗೇ ಒಂದು ನಿಯಮವಿದೆ. ಆಳವಿ ಎಂಬ ಊರಿನ ಭಿಕ್ಷುಗಳು ಅಳತೆಯಿಲ್ಲದ ಕುಟಿಗಳನ್ನು ಕಟ್ಟಿಸತೊಡಗಿ, ಆಳು ಕೊಡಿ, ಎತ್ತು ಕೊಡಿ, ಗಾಡಿ ಕೊಡಿ, ಕೊಡಲಿ ಕೊಡಿ ಎಂದು ಜನರನ್ನು ಪೀಡಿಸಿದರಂತೆ. ಕೊನೆಗೆ ಜನ ಭಿಕ್ಷುಗಳನ್ನು ಕಂಡರೆ ಓಡುತ್ತಿದ್ದರು. ದೂರದಲ್ಲಿ ಹಸು ಕಂಡರೂ ಭಿಕ್ಷುವೆಂದು ಹೆದರಿ ಓಡುತ್ತಿದ್ದರು. ಹಾಗಾಗಿ ದಾನಿಯಿಲ್ಲದೆ ತನಗೆಂದು ಕುಟಿ ಕಟ್ಟಿಕೊಳ್ಳುವವನು ಒಳಗಿನ ಅಳತೆ ಉದ್ದ ಹನ್ನೆರಡು ಗೇಣು, ಅಗಲ ಏಳು ಗೇಣು ಮೀರಬಾರದು. ಅದು ಸುಗತನ, ಅಂದರೆ ಬುದ್ಧನ ಗೇಣು. ಅದೆಷ್ಟು ಉದ್ದವೆಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಚಿಕ್ಕದಾಗಿ ಹಿಡಿದರೆ ಕುಟಿ ಸುಮಾರು ಹತ್ತಡಿಗೆ ಆರಡಿ. ಕಟ್ಟುವ ಮೊದಲು ಇತರ ಭಿಕ್ಷುಗಳನ್ನು ಕರೆತಂದು ಜಾಗ ತೋರಿಸಬೇಕು. ಅಲ್ಲಿ ಇರುವೆ, ಗೆದ್ದಲು, ಇಲಿ, ಹಾವು, ಚೇಳುಗಳ ನೆಲೆಯಿರಬಾರದು. ಸುತ್ತ ಒಂದು ಗಾಡಿ ತಿರುಗುವಷ್ಟು ಜಾಗ ಬಿಟ್ಟಿರಬೇಕು. ಅಳತೆ, ಲೆಕ್ಕ, ನೆರೆ – ಈ ಮೂರು ಮಾತುಗಳಲ್ಲಿ ಈ ನಿಯಮವನ್ನು ಸಂಗ್ರಹಿಸಬಹುದು. ಎಷ್ಟು ದೊಡ್ಡದು, ಯಾರ ದುಡಿಮೆಯಿಂದ, ಯಾರ ಪಕ್ಕದಲ್ಲಿ. ಗೋಡೆ ಯಾವುದರಿಂದ ಎಂಬುದು ಆಮೇಲಿನ ಮಾತು.

ಈ ಮೂರನ್ನು ಕೈಯಲ್ಲಿ ಹಿಡಿದುಕೊಂಡು ಜಪಾನಿಗೆ ಹೋದರೆ ಕಾಮೊ ನೊ ಚೋಮೇ ಎಂಬ ಕವಿ 1212ರಲ್ಲಿ ಬರೆದ 'ಹೋಜೋಕಿ' ಸಿಗುತ್ತದೆ. 'ಹೋಜೋ' ಎಂದರೆ ಹತ್ತಡಿ ಚದರದ ಜಾಗ. ಆ ಹೆಸರಿನ ಹಿಂದೆ ನಮ್ಮ ವೈಶಾಲಿಯ ವಿಮಲಕೀರ್ತಿ ಎಂಬ ಗೃಹಸ್ಥನ ಪುಟ್ಟ ಕೋಣೆಯ ನೆನಪಿದೆ. ಸಾವಿರಾರು ಸಿಂಹಾಸನಗಳಿಗೆ ಎಡೆಕೊಟ್ಟಿತೆಂದು ಮಹಾಯಾನದ ಸೂತ್ರವೊಂದು ಹೇಳುವ ಕೋಣೆ ಅದು. ಚೋಮೇ ಕ್ಯೋಟೋ ನಗರದ ಆಗ್ನೇಯಕ್ಕಿರುವ ಹಿನೋ ಬೆಟ್ಟದಲ್ಲಿ ಈ ಅಳತೆಯ ಗುಡಿಸಲು ಕಟ್ಟಿಕೊಂಡಾಗ ಅವನಿಗೆ ಅರವತ್ತರ ಹತ್ತಿರ. ಎತ್ತರ ಏಳಡಿಗೂ ಕಡಿಮೆ. ನಡುವಯಸ್ಸಿನಲ್ಲಿ ತಾನಿದ್ದ ಮನೆಯ ನೂರನೇ ಒಂದು ಪಾಲೂ ಇದಲ್ಲ ಎಂದು ಅವನೇ ಲೆಕ್ಕ ಕೊಡುತ್ತಾನೆ. ಮರದ ಸಂದುಗಳನ್ನು ಕೊಂಡಿಗಳಿಂದ ಜೋಡಿಸಿದ್ದಾನೆ. ಮನಸ್ಸಿಗೆ ಹಿಡಿಸದಿದ್ದರೆ ಬಿಚ್ಚಿ ಬೇರೆಡೆಗೆ ಒಯ್ಯಬಹುದು, ಎರಡು ಗಾಡಿ ಸಾಕು. ಧನಿಯನ ಜೊತೆಯವರು ಮಾಡಿದ್ದನ್ನೇ ಇವನು ವಿನ್ಯಾಸಕ್ಕೆ ಇಳಿಸಿದ್ದಾನೆ.

'ಹೋಜೋಕಿ'ಯನ್ನು ಪ್ರಶಾಂತ ಜೀವನದ ಪುಸ್ತಕವೆಂದು ಪರಿಚಯಿಸುವವರು ಅದರ ಮೊದಲರ್ಧವನ್ನು ಬಿಟ್ಟುಬಿಡುತ್ತಾರೆ. ಅಲ್ಲಿರುವುದು ಐದು ವಿಪತ್ತುಗಳು: 1177ರ ಬೆಂಕಿ, 1180ರ ಸುಂಟರಗಾಳಿ, ಅದೇ ವರ್ಷ ರಾಜಧಾನಿಯ ಸ್ಥಳಾಂತರ, 1181-82ರ ಕ್ಷಾಮ, 1185ರ ಭೂಕಂಪ. ಕ್ಷಾಮದಲ್ಲಿ ಜನ ತಮ್ಮ ಮನೆಗಳನ್ನೇ ಕಿತ್ತು ಸೌದೆಯಾಗಿ ಮಾರುತ್ತಾರೆ. ಪೇಟೆಯ ಸೌದೆಯಲ್ಲಿ ಕೆಂಪು ಬಣ್ಣ, ಚಿನ್ನದ ರೇಕು ಅಂಟಿದ ತುಂಡುಗಳಿವೆ. ವಿಚಾರಿಸಿದರೆ ಹಳೆಯ ದೇಗುಲಗಳ ವಿಗ್ರಹಗಳನ್ನೂ ಉಪಕರಣಗಳನ್ನೂ ಒಡೆದು ತಂದದ್ದು. ಹತ್ತಡಿಯ ಗುಡಿಸಲು ಈ ನೋಟದಿಂದ ಹುಟ್ಟಿದ್ದು. ದೊಡ್ಡ ಕಟ್ಟಡ ಏನಾಗುತ್ತದೆಂದು ಕಂಡವನ ಅಳತೆ ಅದು. ಅವನ ಕಾಡು ನಿರ್ಜನವೂ ಅಲ್ಲ. ಬೆಟ್ಟದ ಬುಡದಲ್ಲಿ ಕಾಡು ಕಾಯುವವನ ಗುಡಿಸಲಿದೆ. ಅಲ್ಲಿನ ಹತ್ತು ವರ್ಷದ ಹುಡುಗ ಅರವತ್ತರ ಚೋಮೇಗೆ ತಿರುಗಾಟದ ಗೆಳೆಯ. ಕಾವಲಿನವನ ಮಗುವನ್ನು ಗೆಳೆಯನೆಂದು ಕರೆದ ಈ ಎರಡು ಸಾಲುಗಳ ಸಂಗತಿ ನಮ್ಮ ಪ್ರಚಾರಪತ್ರಗಳ ಯಾವ ಪುಟದಲ್ಲೂ ಸಿಗುವುದಿಲ್ಲ.

ಕೊನೆಯಲ್ಲಿ ಚೋಮೇ ತನ್ನ ಮೇಲೇ ತಿರುಗುತ್ತಾನೆ. ಯಾವುದಕ್ಕೂ ಅಂಟಬಾರದೆಂದು ಬುದ್ಧ ಕಲಿಸಿದ. ಹಾಗಾದರೆ ಈ ಹುಲ್ಲುಗುಡಿಸಲಿನ ಮೇಲಿನ ನನ್ನ ಪ್ರೀತಿಯೂ ದೋಷವಲ್ಲವೇ ಎಂದು ಒಂದು ಬೆಳಗಿನ ಜಾವ ಕೇಳಿಕೊಳ್ಳುತ್ತಾನೆ. ಮನಸ್ಸು ಉತ್ತರ ಕೊಡುವುದಿಲ್ಲ. ನಾಲಿಗೆ ಎರಡು ಮೂರು ಸಲ ಅಮಿತಾಭನ ಹೆಸರು ಹೇಳುತ್ತದೆ, ಅಷ್ಟೆ. ಧ್ಯಾನದ ಮನೆಯ ಬಗ್ಗೆ ಬರೆದ ಅತ್ಯುತ್ತಮ ಪುಸ್ತಕ ಆ ಮನೆಯ ಮೇಲೆ ಅನುಮಾನ ಹುಟ್ಟಿಸಿ ಮುಗಿಯುತ್ತದೆ.

ಮೂರನೆಯ ಪಠ್ಯ ಥೋರೋನ 'ವಾಲ್ಡನ್'. ಈ ಪುಸ್ತಕದ ಹೆಸರು ಕಾಡಿನ ಕಾಟೇಜುಗಳ ಪ್ರಚಾರದಲ್ಲಿ ಆಗಾಗ ಬರುತ್ತದೆ. ಅದರ ಮೊದಲ ಅಧ್ಯಾಯದ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ: 'ಎಕಾನಮಿ'. 1845ರ ಮಾರ್ಚಿನಲ್ಲಿ ಎರವಲು ತಂದ ಕೊಡಲಿಯಿಂದ ಮರ ಕಡಿಯಲು ಶುರುಮಾಡಿ, ಜುಲೈ 4ರಂದು ಹದಿನೈದಡಿ ಉದ್ದ ಹತ್ತಡಿ ಅಗಲದ ಮನೆಗೆ ಬಂದ ಥೋರೋ ಅದರ ಖರ್ಚನ್ನು ಸಾಲುಸಾಲಾಗಿ ಅಚ್ಚುಹಾಕಿಸಿದ್ದಾನೆ. ಒಟ್ಟು 28 ಡಾಲರ್ 12½ ಸೆಂಟ್. ಸಾವಿರ ಹಳೆ ಇಟ್ಟಿಗೆಗೆ 4 ಡಾಲರ್, ಎರಡು ಹಳೆ ಕಿಟಕಿಗೆ 2 ಡಾಲರ್ 43 ಸೆಂಟ್, ಸೀಮೆಸುಣ್ಣಕ್ಕೆ 1 ಸೆಂಟ್. ಮರ, ಕಲ್ಲು, ಮರಳುಗಳನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲವೆಂದೂ ಹೇಳುತ್ತಾನೆ. ಜಾಗ ಗೆಳೆಯ ಎಮರ್ಸನ್‌ನದು.

ಲೆಕ್ಕದ ಹಲಗೆಗಳು ಎಲ್ಲಿಂದ ಬಂದವು ಎಂಬುದನ್ನೂ ಅವನು ಮುಚ್ಚಿಡುವುದಿಲ್ಲ. ರೈಲುದಾರಿಯ ಕೆಲಸಕ್ಕೆ ಬಂದ ಐರಿಷ್ ಕೂಲಿ ಜೇಮ್ಸ್ ಕಾಲಿನ್ಸ್‌ನ ಗುಡಿಸಲನ್ನು 4 ಡಾಲರ್ 25 ಸೆಂಟಿಗೆ ಕೊಂಡು, ಬಿಚ್ಚಿ, ಹಲಗೆಗಳನ್ನು ಬಿಸಿಲಿಗೆ ಹರಡಿ ನೆಟ್ಟಗೆ ಮಾಡಿಕೊಳ್ಳುತ್ತಾನೆ. ಇಂದಿನ ಮಾತಿನಲ್ಲಿ ಇದು ಮರುಬಳಕೆ, ಮೆಚ್ಚತಕ್ಕದ್ದು. ಆದರೆ ಬೆಳಗಿನ ಆರು ಗಂಟೆಗೆ ಕಾಲಿನ್ಸ್ ಸಂಸಾರ ದಾರಿಯಲ್ಲಿ ಎದುರಾಗುತ್ತದೆ. ಹಾಸಿಗೆ, ಕನ್ನಡಿ, ಕೋಳಿಗಳು ಸೇರಿ ಇಡೀ ಬದುಕು ಒಂದೇ ಗಂಟಿನಲ್ಲಿದೆ. ಬೆಕ್ಕು ಮಾತ್ರ ಕಾಡುಪಾಲಾಗಿ, ಆಮೇಲೆ ಬೇರೆ ಪ್ರಾಣಿಗೆ ಒಡ್ಡಿದ ಉರುಳಿಗೆ ಸಿಕ್ಕಿ ಸಾಯುತ್ತದೆ. ಥೋರೋನ ದನಿಯಲ್ಲಿ ಇಲ್ಲಿ ಒಂದಿಷ್ಟು ಲಘುತ್ವವಿದೆ. ಬಡವರ ಮನೆ ಕಳಚುವುದು ಅವನಿಗೆ ತಮಾಷೆಯೂ ಆಗಿತ್ತೆಂದು ಆರೋಪಿಸಬಹುದು. ಆದರೂ ಒಬ್ಬನ ಏಕಾಂತದ ಮನೆ ಇನ್ನೊಬ್ಬನ ಮನೆಯನ್ನು ಬಿಚ್ಚಿ ಆದದ್ದು ಎಂಬುದು ಪುಟದ ಮೇಲಿದೆ. ಅದೇ ಪುಸ್ತಕದಲ್ಲಿ ಮುಂದೆ, ತಾನಿದ್ದ ಕಾಡಿನಲ್ಲಿ ಹಿಂದೆ ಬಾಳಿದವರ ಅಧ್ಯಾಯವೊಂದಿದೆ: ಗುಲಾಮನಾಗಿದ್ದ ಕೇಟೋ ಇಂಗ್ರಹಾಮ್, ನೂಲು ನೂಲುತ್ತ ಪುಟ್ಟ ಮನೆಯಲ್ಲಿದ್ದ ಕಪ್ಪು ಹೆಂಗಸು ಜಿಲ್ಫಾ. ಊರಿನೊಳಗೆ ಎಡೆಯಿಲ್ಲದವರಿಗೆ ಕಾಡಿನಂಚು ಸಿಕ್ಕಿತ್ತು. ವಾಲ್ಡನ್ನಿನ ಮೌನ ಯಾರು ಹೋದ ಮೇಲೆ ಉಳಿದ ಮೌನವೆಂದು ಆ ಅಧ್ಯಾಯ ಹೇಳುತ್ತದೆ.

ಇಪ್ಪತ್ತನೇ ಶತಮಾನದ ಒಂದು ಉದಾಹರಣೆಯನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಚಂಡೀಗಢದ ಯೋಜನೆ ಮಾಡಿದ ಲ ಕಾರ್ಬೂಸಿಯೇ 1952ರಲ್ಲಿ ಫ್ರಾನ್ಸಿನ ಕಡಲದಂಡೆಯಲ್ಲಿ ತನಗಾಗಿ ಕಟ್ಟಿಸಿಕೊಂಡ ಮರದ ಗೂಡು ಉದ್ದಗಲ 3.66 ಮೀಟರ್. ಅದರಲ್ಲಿ ಅಡುಗೆಮನೆಯಿಲ್ಲ. ಪಕ್ಕದ ಪುಟ್ಟ ಹೋಟೆಲಿಗೆ ಒಂದು ಬಾಗಿಲಿದೆ, ಊಟ ಅಲ್ಲಿ. ಪುಟ್ಟ ಮನೆ ಪುಟ್ಟದಾಗಿ ಉಳಿಯಬೇಕಾದರೆ ನೆರೆಯವರ ಕಡೆಗೆ ಬಾಗಿಲು ಇರಲೇಬೇಕು ಎಂಬ ಸತ್ಯವನ್ನು ಆ ಬಾಗಿಲು ಒಪ್ಪಿಕೊಳ್ಳುತ್ತದೆ.

ಇನ್ನು ನಮ್ಮ ಘಟ್ಟಕ್ಕೆ ಬರೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಇಂಥಲ್ಲಿ ಮನೆಯೆಂದರೆ ಮೊದಲು ಮಾಡು. ಗೋಡೆಯನ್ನು ಎರಚಲಿನಿಂದ ಕಾಯುವ ಅಗಲವಾದ ಸೂರು, ನೆಲದಿಂದ ಎತ್ತರಿಸಿದ ಜಗುಲಿ, ಮಳೆಗಾಲಕ್ಕೆ ಮುನ್ನ ಕಟ್ಟಿ ಆಮೇಲೆ ಬಿಚ್ಚುವ ಸೋಗೆಯ ತಟ್ಟಿ, ಪ್ರತಿ ವರ್ಷ ಬದಲಿಸುವ ಹೊದಿಕೆ. ಹಳೆಯ ಕ್ರಮದಲ್ಲಿ ರಿಪೇರಿಯೇ ವಿನ್ಯಾಸದ ಅರ್ಧ. ಮಣ್ಣಿನ ಗೋಡೆಯ ಕಾಟೇಜಿನಲ್ಲಿ ಗಾಜಿನ ಗೋಡೆಯೂ ಬೇಕು, ನೋಟಕ್ಕೆ ಅಡ್ಡವಾಗದಂತೆ ಸೂರು ಗಿಡ್ಡವಾಗಿರಬೇಕು ಎಂದಾಗ ಎರಚಲು ಗೋಡೆ ತಿನ್ನುತ್ತದೆ. ಅದನ್ನು ತಡೆಯಲು ರಾಸಾಯನಿಕ ಲೇಪ ಬರುತ್ತದೆ. ಬಿದಿರು ಸುಂದರ, ಸರಿಯಾಗಿ ಹದ ಮಾಡದಿದ್ದರೆ ಕೆಲವೇ ವರ್ಷಗಳಲ್ಲಿ ಕುಟ್ಟೆಹುಳು ಅದನ್ನು ಪುಡಿಮಾಡುತ್ತದೆ. ಇದಾವುದೂ ಬಗೆಹರಿಯದ ಸಮಸ್ಯೆಯಲ್ಲ. ಒಳ್ಳೆಯ ಎಂಜಿನಿಯರುಗಳು, ಒಳ್ಳೆಯ ಮೇಸ್ತ್ರಿಗಳು ನಮ್ಮಲ್ಲಿದ್ದಾರೆ.

ಅವರ ಕೈಯಲ್ಲಿಲ್ಲದ್ದು ಬೇರೆ. ಹತ್ತಡಿಯ ಕೋಣೆಗೂ ಕಾರು ಬಾಗಿಲ ತನಕ ಬರಬೇಕೆಂದರೆ ಗುಡ್ಡ ಕಡಿದು ರಸ್ತೆ ಮಾಡಬೇಕು. ಪ್ರತಿ ಕಾಟೇಜಿಗೂ ಬಚ್ಚಲಿನ ತೊಟ್ಟಿ, ಮುಂದೆ ಈಜುಕೊಳವೆಂದರೆ ಬೋರ್‌ವೆಲ್ ಬೇಕು, ಕೊಳೆನೀರಿಗೆ ಗುಂಡಿ ಬೇಕು. ಕರೆಂಟು ಹೋದರೆ ಜನರೇಟರ್ ಬೇಕು. ಕಾಟೇಜು ಮಣ್ಣಿನದು, ಅದರ ಬಾಲ ಡಾಂಬರಿನದು, ಸಿಮೆಂಟಿನದು, ಡೀಸೆಲ್ಲಿನದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಅಡ್ಡ ಕಡಿದು ಸಮತಟ್ಟು ಮಾಡಿದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಹಾಗೆ ಕಡಿದದ್ದು ಕಾಟೇಜಿಗೆ ಮಾತ್ರವಲ್ಲ, ಮನೆಗಳಿಗೂ ತೋಟಗಳಿಗೂ ರಸ್ತೆಗಳಿಗೂ ಕಡಿದದ್ದಿದೆ. ಆದರೆ ಗುಡ್ಡಕ್ಕೆ ಗೋಡೆ ಯಾವುದರದು ಎಂಬುದು ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಕಡಿತದ ಅಳತೆ.

ನೆರೆಯ ಪ್ರಶ್ನೆ ಇನ್ನೂ ಬಿಸಿಯಾದದ್ದು. 1990ರ ದಶಕದಲ್ಲಿ ನಾಗರಹೊಳೆಯ ಮೂರ್ಕಲ್‌ನಲ್ಲಿ ಕಾಡಿನೊಳಗೆ ಐಷಾರಾಮಿ ತಂಗುದಾಣಕ್ಕೆ ಗುತ್ತಿಗೆ ಕೊಟ್ಟಾಗ ಅಲ್ಲಿನ ಆದಿವಾಸಿಗಳು ಎದುರಿಸಿದರು. ತಾವು ಸೌದೆ ಆಯ್ದರೆ ಅಪರಾಧವಾಗುವ ಕಾಡಿನಲ್ಲಿ ಹೋಟೆಲು ಹೇಗೆ ಎಂಬುದು ಅವರ ನೇರ ಪ್ರಶ್ನೆ. 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಅರಣ್ಯವಾಸಿಗಳ ಹಕ್ಕನ್ನು ಒಪ್ಪುವ ಕಾಯ್ದೆ ಬಂದದ್ದು 2006ರಲ್ಲಿ. ಬಿಂಬಿಸಾರನ ಆಸ್ಥಾನದಲ್ಲಿ ಎದ್ದ ಪ್ರಶ್ನೆ, ಕಾಡಿನಲ್ಲಿ ಯಾರಿಗೂ ಸೇರದ್ದು ಯಾವುದು ಎಂಬುದು, ನಾಗರಹೊಳೆಯಲ್ಲೂ ಎದ್ದಿತ್ತು.

ಕನ್ನಡದ ಓದುಗರಿಗೆ ಇದು ಹೊಸದಾಗಿ ಕಾಣಬಾರದು. 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಕಾಡನ್ನು ನಾವು ಮೊದಲು ಪ್ರವೇಶಿಸುವುದು ಜೀತದ ಆಳು ನಾಯಿಗುತ್ತಿಯ ಜೊತೆ, ಅವನ ಹುಲಿಯನ ಜೊತೆ. ಅಲ್ಲಿ ಕಾಡೆಂದರೆ ಜಿಗಣೆ, ಕೆಸರು, ಕಾಲುದಾರಿ, ಕೆಲಸ, ಭಯ, ಆಸೆ. ಬಿಡಾರಗಳಲ್ಲಿ ಬದುಕುವವರ ಉಸಿರಿನಿಂದಲೇ ಆ ಕಾಡು ನಮಗೆ ಗೊತ್ತಾಗುತ್ತದೆ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ವಿಜ್ಞಾನಿಗೆ ಕಾಡಿನ ಕಣ್ಣಾಗುವವನು ಜೇನು ಕೀಳುವ ಮಂದಣ್ಣ. ನಮ್ಮ ಎರಡು ದೊಡ್ಡ ಕಾಡಿನ ಕಾದಂಬರಿಗಳು ಜನರಿರುವ ಕಾಡನ್ನು ಕೊಟ್ಟಿವೆ. ಪ್ರಚಾರಪತ್ರಗಳ ಕನ್ನಡ ಅದೇ ಕಾಡನ್ನು ಖಾಲಿ ಮಾಡಿ ಮಾರುತ್ತಿದೆ. ಹೀಗಾಗಿ ಇದು ಪರಿಸರದ ಪ್ರಶ್ನೆಯಾಗುವ ಮೊದಲೇ ಭಾಷೆಯ ಪ್ರಶ್ನೆ. ಕರ್ತೃವಿಲ್ಲದ ವಾಕ್ಯದಲ್ಲಿ ಮಂದಣ್ಣನಿಗೆ ಜಾಗವಿಲ್ಲ. ಇದ್ದರೂ ಅತಿಥಿಗಳಿಗೆ ಹಕ್ಕಿ ತೋರಿಸುವ ಸಮವಸ್ತ್ರದಲ್ಲಿ.

ಇದಕ್ಕೆ ಒಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ನಗರದ ಬದುಕಿನಲ್ಲಿ ದಣಿದವರಿಗೆ ಮೌನ ಬೇಕು. ಅವರೆಲ್ಲ ಚೋಮೇ ಆಗಲಾರರು. ಮಂಡಿನೋವಿನ ಹಿರಿಯರು ಮೂರು ದಿನ ಕಾಡಿನಲ್ಲಿದ್ದು ನಿದ್ದೆ ಮಾಡಿ ಬಂದರೆ ಅದನ್ನು ಭೋಗವೆಂದು ಹೀಯಾಳಿಸುವುದು ವಿಮರ್ಶಕನಿಗೆ ಶೋಭೆಯಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿನಯದ ನಿಯಮವೂ ಕುಟಿಯೇ ಬೇಡವೆನ್ನಲಿಲ್ಲ. ಎಷ್ಟು, ಎಲ್ಲಿ ಎಂದಷ್ಟೇ ಕೇಳಿತು. ಕಾಳಿದಾಸನ ಶಾಕುಂತಲದಲ್ಲಿ ಕಣ್ವಾಶ್ರಮಕ್ಕೆ ಬಂದ ದುಷ್ಯಂತ ರಥವನ್ನು ಹೊರಗೇ ನಿಲ್ಲಿಸಿ, ಬಿಲ್ಲನ್ನೂ ಆಭರಣಗಳನ್ನೂ ಸಾರಥಿಗೆ ಕೊಟ್ಟು, ವಿನೀತನಾಗಿ ಒಳಗೆ ಹೋಗುತ್ತಾನೆ. ಹಾಗೆ ಮಾಡಿದ ಮೇಲೂ, ಅವನ ಪರಿವಾರ ಬಂದಾಗ, ರಥ ಕಂಡು ಬೆದರಿದ ಆನೆಯೊಂದು ತಪೋವನಕ್ಕೆ ನುಗ್ಗುತ್ತದೆ. ಒಬ್ಬ ಅತಿಥಿಯ ವಿನಯ ಸಾಲದು, ಅವನ ಹಿಂದೆ ಬರುವ ಪರಿವಾರವನ್ನೂ ಲೆಕ್ಕ ಹಿಡಿಯಬೇಕೆಂದು ಕಾಳಿದಾಸನಿಗೆ ಗೊತ್ತಿತ್ತು.

ಈ ಪಠ್ಯಗಳನ್ನು ಓದಿದ ವಿನ್ಯಾಸಕಾರ ಏನು ಮಾಡಬಹುದು? ರಸ್ತೆಯನ್ನು ದೂರದಲ್ಲೇ ನಿಲ್ಲಿಸಿ ಕಾಲುದಾರಿ ಬಿಡಬಹುದು. ನಡೆಯಲಾಗದವರಿಗೆ ರಸ್ತೆಯ ಪಕ್ಕದಲ್ಲೇ ಒಂದೆರಡು ಕೋಣೆ ಮಾಡಬಹುದು. ಕೋಣೆಗಳನ್ನು ಹತ್ತಡಿಗೆ ಇಳಿಸಿ, ಅಡುಗೆ, ಸ್ನಾನ, ಊಟಗಳನ್ನು ಒಂದೇ ಸೂರಿನಡಿ ತರಬಹುದು. ಗುಡ್ಡ ಕಡಿಯುವ ಬದಲು ಕಂಬಗಳ ಮೇಲೆ ಎತ್ತಿ ನಿಲ್ಲಿಸಬಹುದು. ಘೋರ ಮಳೆಯ ತಿಂಗಳುಗಳಲ್ಲಿ ಮುಚ್ಚಿ, ಹೊದಿಕೆಯನ್ನು ಬಿಚ್ಚಿಡಬಹುದು. ಕಾಡನ್ನು ಬಿಟ್ಟು ಊರಿನ ಅಂಚಿನ ಹಾಳುಬಿದ್ದ ತೋಟದ ಮನೆಯನ್ನೇ ಆರಿಸಿಕೊಳ್ಳಬಹುದು. ಜಾಗ ಗುರುತಿಸುವ ದಿನ ಆ ಊರಿನವರನ್ನು ಕರೆದು ತೋರಿಸಿ, ಅವರು ಬೇಡವೆಂದರೆ ಬಿಡಬಹುದು. ಕೊನೆಯದು ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಹಳೆಯದು ಕೂಡ.

ಪ್ರಚಾರದ ಪುಸ್ತಿಕೆ ಬರೆಯುವವರಿಗೆ ನನ್ನದು ಒಂದೇ ಕೋರಿಕೆ. ಕೊನೆಯ ಪುಟದಲ್ಲಿ ಥೋರೋನಂತೆ ಒಂದು ಪಟ್ಟಿ ಕೊಡಿ. ಒಂದು ಕಾಟೇಜಿಗೆ ದಿನಕ್ಕೆ ಎಷ್ಟು ನೀರು, ಎಲ್ಲಿಂದ. ಎಷ್ಟು ಗುಡ್ಡ ಕಡಿದಿರಿ. ಕಟ್ಟಿದವರು ಯಾರು, ಎಷ್ಟು ಕೂಲಿ. ಮೊದಲು ಈ ದಾರಿಯಲ್ಲಿ ಸೌದೆಗೆ, ಜೇನಿಗೆ, ಮೇವಿಗೆ ಹೋಗುತ್ತಿದ್ದವರು ಈಗ ಯಾವ ದಾರಿಯಲ್ಲಿ ಹೋಗುತ್ತಿದ್ದಾರೆ. ಆ ಪುಟ ಇರುವ ಪುಸ್ತಿಕೆ ಬಂದ ದಿನ ಅದನ್ನು ಸಾಹಿತ್ಯವೆಂದೇ ಓದೋಣ. ಅಲ್ಲಿಯ ತನಕ ಕೆಂಪಗೆ ಹೊಳೆಯುವ ಮಣ್ಣಿನ ಗೋಡೆಯ ಚಿತ್ರ ಕಂಡಾಗಲೆಲ್ಲ, ಅದನ್ನು ಸುಡಲು ಎಷ್ಟು ಸೌದೆ ಬೇಕಾಯಿತೆಂದು ಕೇಳುವ ಹಕ್ಕು ಓದುಗರಿಗೆ ಇದ್ದೇ ಇದೆ.